ಬಲಗಿವಿಯ ಅಚ್ಚು

"ಈಗ ಕಿವಿ ಯಾರಿಗೆ ಬೇಕು?"

ಯಜಮಾನರು ಕೇಳಿದ್ದು ಯಾರನ್ನೂ ಅಲ್ಲ. ಅಚ್ಚಿನ ಕೋಣೆಯ ಬಾಗಿಲಲ್ಲಿ ನಿಂತು, ಗೋಡೆಯುದ್ದಕ್ಕೂ ಜೋಡಿಸಿದ್ದ ಪುಟ್ಟ ಡಬ್ಬಿಗಳನ್ನು ನೋಡುತ್ತ ಕೇಳಿದರು. ಒಂದೊಂದು ಡಬ್ಬಿಯಲ್ಲೂ ಒಬ್ಬೊಬ್ಬರ ಕಿವಿಯ ಒಳಗನ್ನು ತುಂಬಿ ತೆಗೆದ ಗುಲಾಬಿ ಬಣ್ಣದ ಅಚ್ಚು, ಮುಚ್ಚಳದ ಮೇಲೆ ನಂಬರು. ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾಡುವ ಆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಈ ಕೋಣೆಯನ್ನು ನೋಡಿಕೊಂಡವಳಿಗೆ ಕಿವಿಯಕ್ಕ ಎಂದೇ ಹೆಸರು ಬಿದ್ದಿತ್ತು. ಅವಳು ತಲೆಯೆತ್ತಲಿಲ್ಲ. ಉತ್ತರ ಅವಳಿಗೂ ಗೊತ್ತಿತ್ತು.

ರೋಗ ಹಬ್ಬಿದ ಮೇಲೆ ಒಬ್ಬರ ಕಿವಿಯ ಹತ್ತಿರ ಇನ್ನೊಬ್ಬರು ಬಾಗುವುದೇ ನಿಂತುಹೋಗಿತ್ತು. ಅಚ್ಚು ತೆಗೆಯುವ ಅಂಗಡಿಗಳು ಕದ ಹಾಕಿಕೊಂಡವು. ಹಡಗಿನಲ್ಲಿ ಬರಬೇಕಿದ್ದ ಕಡಲೆಕಾಳಿನಷ್ಟು ಸಣ್ಣ ಮೈಕುಗಳು ಯಾವುದೋ ಬಂದರಿನಲ್ಲಿ ಕೂತವು. ಜನರಿಗೆ ಬೇಕಾಗಿದ್ದದ್ದು ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. ಹನ್ನೊಂದು ಮಂದಿಯಲ್ಲಿ ಏಳು ಮಂದಿಯನ್ನು ಮನೆಗೆ ಕಳಿಸಿ, ಉಳಿದ ನಾಲ್ವರನ್ನು ಯಜಮಾನರು ಅದನ್ನು ಜೋಡಿಸಲು ಕೂರಿಸಿದ್ದರು. ಕಿವಿಯ ಸುರುಳಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನು ಸವರಿ ಹುಡುಕುತ್ತಿದ್ದ ಅವಳ ಬೆರಳು ಈಗ ದಿನಕ್ಕೆ ನಾನೂರು ಮುಚ್ಚಳ ಒತ್ತುತ್ತಿತ್ತು. ಟಕ್, ಟಕ್, ಟಕ್.

"ಕಿವಿಯಕ್ಕ ಹೋಗಿ ಬೆರಳಕ್ಕ ಆದ್ಲು ನೋಡ್ರಪ್ಪ" ಎಂದ ಎದುರು ಕೂತಿದ್ದ ಬೆಸುಗೆಯವನು.

"ಬಾಯಿ ಮುಚ್ಕೊಂಡಿರಲಿ ಅಂತ ತಾನೆ ನಿನಗೂ ಮಾಸ್ಕ್ ಕೊಟ್ಟಿರೋದು? ಸುಮ್ನೆ ಕೆಲಸ ಮಾಡು."

ಅವನು ನಕ್ಕ. ಕಣ್ಣು ಮಾತ್ರ ಕಂಡಿತು.

ಅಷ್ಟರಲ್ಲಿ ಅತ್ತಿಗೆಯ ಫೋನು. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿ ಎರಡನೆಯ ದಿನ ಅದು. ಮೂವತ್ತು ವರ್ಷ ಬಾಯ್ಲರ್ ಮನೆಯ ಸದ್ದಿನಲ್ಲಿ ದುಡಿದ ಅಣ್ಣನಿಗೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ತಂಗಿ ಮಾಡಿಕೊಟ್ಟ ಯಂತ್ರದ ಮೇಲೆ ನಿಂತಿತ್ತು.

"ಆಸ್ಪತ್ರೆ ಬಾಗಿಲಲ್ಲೇ ನಿಮ್ಮಣ್ಣನ ಮಾಸ್ಕ್ ಎಳೆದು ಬೇರೆ ಹಾಕಿದ್ರಂತೆ. ಮಾಸ್ಕಿನ ದಾರಕ್ಕೆ ಸಿಕ್ಕಿ ಮಿಷಿನ್ನೂ ಹಾರಿಹೋಗಿದೆ. ಯಾರೂ ನೋಡಿಲ್ಲ. ಈಗ ನರ್ಸಮ್ಮ ಫೋನ್ ಮಾಡಿ, ನಿಮ್ಮ ಯಜಮಾನ್ರು ಹೇಳಿದ ಮಾತು ಕೇಳಲ್ಲ ಅಂತ ನನಗೇ ದಬಾಯಿಸ್ತಾಳೆ. ಮೂವತ್ತೈದು ವರ್ಷದಿಂದ ಕೇಳಿಲ್ಲ ಕಣಮ್ಮ, ಇವತ್ತೇನು ಹೊಸದು ಅಂದೆ" ಎಂದು ನಗಲು ಹೋದ ಅತ್ತಿಗೆಯ ದನಿ ನಡುವೆಯೇ ಒಡೆಯಿತು. "ನೀನೇ ಒಂದ್ಸಲ ಮಾತಾಡೇ."

ಅವಳು ನರ್ಸಿಗೆ ಫೋನು ಮಾಡಿದಳು. ದಣಿದ, ಆದರೆ ಕೆಟ್ಟದ್ದಲ್ಲದ ದನಿ.

"ಆಕ್ಸಿಜನ್ ಮಾಸ್ಕ್ ಕಿತ್ತು ಕಿತ್ತು ಹಾಕ್ತಾರೆ ಅಕ್ಕ. ತೆಗೆದ ತಕ್ಷಣ ಎಂಬತ್ತಕ್ಕೆ ಇಳಿಯುತ್ತೆ. ಬೋರಲು ಮಲಗಿ ಅಂತ ಕೂಗಿ ಕೂಗಿ ಗಂಟಲು ಹೋಯ್ತು. ನಮ್ಮ ತುಟಿ ಕಾಣಲ್ಲ, ಕಣ್ಣಷ್ಟೇ ಕಾಣೋದು, ಬೈತಿದ್ದೀವಿ ಅಂದ್ಕೋತಾರೆ. ಬರೆದು ತೋರಿಸಿದ್ರೆ ಕನ್ನಡಕ ಮಂಜಾಗಿ ಓದೋಕಾಗಲ್ಲ. ಹೀಗೇ ಮಾಡಿದ್ರೆ ಕೈ ಕಟ್ಟಬೇಕಾಗುತ್ತೆ. ಆಮೇಲೆ ಗಂಟಲಿಗೆ ಪೈಪು. ಅಲ್ಲಿಂದ ವಾಪಸ್ ಬಂದೋರು ಕಮ್ಮಿ, ಸುಳ್ಳು ಹೇಳಲ್ಲ ನಾನು."

ಫೋನಿಟ್ಟವಳು ನೇರವಾಗಿ ಯಜಮಾನರ ಕೋಣೆಗೆ ಹೋದಳು. ಗಾಜಿನ ಬೀರುವಿನಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಒಂದು ಯಂತ್ರ ಉಳಿದಿತ್ತು. ಅದನ್ನು ಕೇಳಿದಳು. ಜೊತೆಗೆ ಅರ್ಧ ದಿನ.

"ಒಂದು ಕಿವಿಗೆ ಅರ್ಧ ದಿನವೇನಮ್ಮ? ಇನ್ನೂರು ಪೀಸು ಹೋಯ್ತಲ್ಲ."

"ನಮ್ಮಣ್ಣಂದು ಸಾರ್."

ಯಜಮಾನರು ಬೀರುವಿನ ಬೀಗದಕೈ ಹುಡುಕಿದರು. ಬೇಗ ಸಿಗಲಿಲ್ಲ. ಸಿಕ್ಕಾಗ ಅದನ್ನು ಅವಳ ಮುಂದೆ ಇಟ್ಟು ಕಿಟಕಿಯ ಕಡೆ ತಿರುಗಿಕೊಂಡರು.

ಅಚ್ಚಿನ ಕೋಣೆಯಲ್ಲಿ ಅವಳು ಅಣ್ಣನ ಡಬ್ಬಿ ತೆಗೆದಳು. ಆ ಬಲಗಿವಿಯ ಒಳದಾರಿ ಎರಡನೇ ತಿರುವಿನಲ್ಲಿ ಸ್ವಲ್ಪ ಕಿರಿದು. ಕಣ್ಣು ಮುಚ್ಚಿಕೊಂಡೂ ಅದನ್ನವಳು ಗುರುತಿಸಬಲ್ಲಳು. ಅಚ್ಚನ್ನು ತೆಳುವಾಗಿ ಮೇಣದಲ್ಲಿ ಅದ್ದಿ, ಅದರ ಸುತ್ತ ಎರಕದ ಲೋಳೆ ಸುರಿದು ಗಟ್ಟಿಯಾಗಲು ಬಿಟ್ಟಳು. ಅಚ್ಚು ತೆಗೆದ ಪೊಳ್ಳಿಗೆ ಸಿಲಿಕೋನ್ ಎರೆದು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಳು. ಬೆಂದದ್ದನ್ನು ಉಜ್ಜಿ, ತೂತು ಕೊರೆದು, ನಳಿಕೆ ಸಿಕ್ಕಿಸಿದಳು. ನಳಿಕೆ ತುಸು ಓರೆಯಾಗಿತ್ತು. ಮತ್ತೆ ತೆಗೆದು ಸಿಕ್ಕಿಸಿದಳು. ಅಣ್ಣನ ಶ್ರವಣ ಪರೀಕ್ಷೆಯ ಹಳೆಯ ಕಾಗದ ನೋಡಿ ಯಂತ್ರದ ದನಿಯ ಏರಿಳಿತ ಹೊಂದಿಸಿದಳು.

ಯಂತ್ರ ಯಾವುದೇ ಇರಲಿ, ಅದರ ನಳಿಕೆಗೆ ಕಿವಿಗೊಟ್ಟು ಒಂದು ಪದ್ಯ ಹೇಳಿ ನೋಡುವುದು ಅವಳ ರೂಢಿ. ಅಪ್ಪ ದಿನಾ ಬೆಳಗ್ಗೆ ಹೇಳುತ್ತಿದ್ದದ್ದು. ಅಣ್ಣ ತಂಗಿ ಹಾಸಿಗೆಯಲ್ಲೇ ಮಲಗಿ ಕೇಳಿ ಕಲಿತದ್ದು. ಅದರಲ್ಲಿ ಸಕಾರ ಶಕಾರ ಹೆಜ್ಜೆಹೆಜ್ಜೆಗೂ ಬರುತ್ತವೆ. ಅವು ಬಿಡಿಬಿಡಿಯಾಗಿ ಕೇಳಿದರೆ ಯಂತ್ರ ಸರಿಯಿದೆ ಎಂದರ್ಥ. ಆ ದಿನ ನಾಲ್ಕು ಸಾಲಿನ ಪದ್ಯವನ್ನು ಅವಳು ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳಿದ್ದು ಯಂತ್ರಕ್ಕಲ್ಲ.

ಸಂಜೆ ಆಸ್ಪತ್ರೆಯ ಗೇಟಿನ ಕಾವಲುಗಾರ ಕವರನ್ನು ತುದಿಬೆರಳಲ್ಲಿ ಹಿಡಿದು, ಔಷಧಿ ಚಿಮುಕಿಸಿ, ಒಳಗೆ ಕಳಿಸಿದ.

ಏಳು ಗಂಟೆಗೆ ನರ್ಸಿನ ಮೆಸೇಜು ಬಂತು. ಹಾಕಿದ್ದೇವೆ, ಹೇಳಿದ್ದು ಕೇಳಿಸುತ್ತಿದೆ, ಬೋರಲು ಮಲಗಿದ್ದಾರೆ, ತೊಂಬತ್ತೊಂದು. ಅತ್ತಿಗೆ ಫೋನಿನಲ್ಲೇ ಅತ್ತಳು. ಎರಡು ದಿನದಿಂದ ಮುಟ್ಟದಿದ್ದ ಅನ್ನ ಇಬ್ಬರಿಗೂ ಅವರವರ ಮನೆಯಲ್ಲಿ ಅಷ್ಟಿಷ್ಟು ಇಳಿಯಿತು.

ಮಾರನೆಯ ದಿನ ಮಧ್ಯಾಹ್ನ ನರ್ಸೇ ವಿಡಿಯೋ ಕರೆ ಮಾಡಿದಳು.

"ಬೆಳಗ್ಗೆ ಹತ್ತರಿಂದ ಅದನ್ನ ತೆಗೆದು ಮುಷ್ಟೀಲಿ ಹಿಡ್ಕೊಂಡಿದ್ದಾರೆ ಅಕ್ಕ. ಮತ್ತೆ ಮಾಸ್ಕ್ ಕೀಳ್ತಿದ್ದಾರೆ. ನಿಮ್ಮ ಹತ್ರ ಮಾತಾಡೋಕೆ ಅಂತ ಒಂದ್ಸಲ ಹಾಕಿಸಿದ್ದೀನಿ. ನೀವೇ ಹೇಳಿ."

ಪರದೆಯಲ್ಲಿ ಅಣ್ಣನ ಮುಖ. ಕೆನ್ನೆ ಒಳಸೇರಿತ್ತು.

"ಅಣ್ಣಾ! ಕೇಳಿಸ್ತಿದೆಯಾ?"

"ಕಿರಿಚಬೇಡ. ಕಿವುಡ ಅಂದ್ಕೊಂಡ್ಯಾ ನನ್ನ?" ಉಸಿರಿಗೆ ನಿಂತು ನಿಂತು ಹೇಳಿದ. "ನಿನ್ನ ಕೆಲಸದಲ್ಲಿ ತಪ್ಪಿಲ್ಲ. ಅಚ್ಚು ಸರಿಯಾಗಿ ಕೂತಿದೆ, ಮಿಷಿನ್ ಚೂರೂ ಸೀಟಿ ಹೊಡೀಲಿಲ್ಲ. ಎಲ್ಲಾ ಕೇಳ್ತು."

"ಮತ್ಯಾಕೆ ತೆಗೆದೆ?"

ಅವನು ಮಗ್ಗುಲಿನ ಮಂಚದ ಕಡೆ ನೋಡಿದ.

"ಅಲ್ಲೊಬ್ಬ ಮುದುಕ ಇದ್ದ. ನಾನು ಬಂದಾಗಿನಿಂದ ಬಾಯಿ ಆಡಿಸ್ತಾನೇ ಇದ್ದ. ಹಾಡ್ಕೋತಿದ್ದಾನೆ ಅಂದ್ಕೊಂಡೆ ಕಣೇ. ನಾನೂ ತಾಳಕ್ಕೆ ತಲೆ ಆಡಿಸ್ತಿದ್ದೆ. ಅವನು ನನ್ನ ಕಡೆ ಕೈ ಎತ್ತೋನು. ಭೇಷ್ ಅಂತ ನಾನೂ ಎತ್ತೋನು."

"ಹಾಡ್ತಿರಲಿಲ್ವಾ?"

"ನೀರು ಕೇಳ್ತಿದ್ದ."

ಅಣ್ಣ ನರ್ಸಿನ ಕಡೆ ಕಣ್ಣು ತಿರುಗಿಸಿದ.

"ಇವರನ್ನ ಬೈಬೇಡ. ಇಪ್ಪತ್ತು ಮಂಚಕ್ಕೆ ಇಬ್ಬರು ಓಡಾಡ್ತಾರೆ. ನಾನು ಪಕ್ಕದಲ್ಲೇ ಇದ್ದೆ, ಮೂರಡಿ ದೂರ. ತಲೆ ಆಡಿಸ್ಕೊಂಡು." ಅವನ ಎದೆ ಏರಿ ಇಳಿಯಿತು. "ರಾತ್ರಿಯೆಲ್ಲಾ ಈ ಕಿವಿ ದಿಂಬಿಗೆ ಒತ್ತಿತ್ತು. ಇವತ್ತು ಬೆಳಗ್ಗೆ ಮಾತು ಬಿಡಿಸಿ ಕೇಳ್ತು. ಲೋಟ ಹಿಡ್ಕೊಂಡು ಎದ್ದೆ. ಅಷ್ಟರಲ್ಲಿ ನಿಲ್ಲಿಸಿದ್ದ. ಈಗ ಆ ಮಂಚಕ್ಕೆ ಇನ್ನೊಬ್ಬ ಬಂದಿದ್ದಾನೆ. ಹೆಂಡತೀನ ಕರೀತಿದ್ದಾನೆ."

ನರ್ಸಿನ ಕೈ ಅಲುಗಿತೋ ಏನೋ, ಪರದೆಯಲ್ಲಿ ಒಂದು ಕ್ಷಣ ಬರೀ ಚಾವಣಿ ಕಂಡಿತು. ಮತ್ತೆ ಅಣ್ಣ.

"ಅಣ್ಣಾ, ನನ್ನ ಮಾತು ಕೇಳು. ಅದನ್ನ ತೆಗೀಬೇಡ. ಅವರು ಹೇಳೋದು ನಿನಗೆ ಕೇಳಿಸ್ಲೇಬೇಕು. ಇಲ್ಲಾಂದ್ರೆ ಕೈ ಕಟ್ತಾರೆ, ಗಂಟಲಿಗೆ ಪೈಪ್ ಹಾಕ್ತಾರೆ. ನಾಲ್ಕೇ ದಿನ. ಅತ್ತಿಗೆ ಮುಖ ನೋಡಿ ಆದ್ರೂ, ನಾಲ್ಕು ದಿನ ಕಿವಿಯಲ್ಲಿ ಇಟ್ಕೋ. ಕೈ ಮುಗೀತೀನಿ."

ಅಣ್ಣ ಅವಳನ್ನೇ ನೋಡಿದ. ಕಿವಿಯ ಹತ್ತಿರ ಕೈ ಹೋಯಿತು.

"ಇಲ್ಲ" ಎಂದ. "ಪಕ್ಕದವನು ಕರೆಯೋದನ್ನ ಕೇಳ್ತಾ ಮಲಗೋಕೆ ನನ್ನ ಕೈಲಾಗಲ್ಲ. ಹಾಕ್ಕೊಳ್ಳಲ್ಲ."