ಎತ್ತಿ ಕುಡಿದ ನೀರು

ಗೋವಿನಕೋವಿಯ ಪ್ರದೀಪ್ ಹೆಣ್ಣು ನೋಡಲು ಚನ್ನಗಿರಿಗೆ ಬಂದಾಗ ಹುಡುಗಿಯ ತಾಯಿ ನಿರ್ಮಲಮ್ಮ ಮೊದಲು ನೋಡಿದ್ದು ಅವನ ಕಣ್ಣುಗಳನ್ನು. ಕೆಂಪಗಿದ್ದವು.

‘ಅಡಿಕೆ ಬೇಯಿಸ್ತಾ ಇದೀವ್ರೀ, ಒಲೆ ಹೊಗೆ,’ ಅಂದ ಹುಡುಗ.

ಕೇಳದೇ ಹೇಳಿದ್ದೇ ಅವರಿಗೆ ಚುಚ್ಚಿತು. ತಮ್ಮ ಪ್ರಸನ್ನಕುಮಾರ್ ಕಿವಿಗೆ ಹಾಕಿದ್ದ ಮಾತು ಅಲ್ಲೇ ಕೂತಿತ್ತು: ‘ಅಕ್ಕ, ಆ ಹುಡುಗ ಗಾಂಜಾ ಸೇದ್ತಾನಂತೆ.’

ಪ್ರಸನ್ನ ದಾವಣಗೆರೆಯಲ್ಲಿ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿದ್ದ. ಅಲ್ಲಿಂದ ಎರಡು ಹಳದಿ ಪಟ್ಟಿ ತಂದುಕೊಟ್ಟಿದ್ದ. ಎಂಜಲು ತಾಗಿಸಿದರೆ ಸಾಕು, ಗಾಂಜಾ ಸೇದಿದವರದಾದರೆ ಪಟ್ಟಿ ನೀಲಿಯಾಗುತ್ತದೆ. ಮಗಳು ಮೇಘಶ್ರೀಯನ್ನು ತನಗೇ ಕೊಡಿ ಎಂದು ಕೇಳಿ, ಹುಡುಗಿ ಒಲ್ಲೆ ಎಂದಿದ್ದಕ್ಕೆ ಮುನಿಸಿಕೊಂಡಿದ್ದ ಸೋದರಮಾವ, ಈಗ ಅವಳ ಬಗ್ಗೆ ಇಷ್ಟು ಕಾಳಜಿ ಮಾಡುತ್ತಾನಲ್ಲ ಎಂದು ನಿರ್ಮಲಮ್ಮನ ಮನಸ್ಸು ಕರಗಿತ್ತು.

ಆದರೆ ಅಳಿಯನಾಗಲು ಬಂದವನಿಗೆ ನಾಲಗೆ ಚಾಚು ಎನ್ನಲಾದೀತೇ? ಹುಡುಗ ಕಾಫಿ ಬೇಡ ಅಂದ. ನೀರು ಕೊಟ್ಟರು. ಅರ್ಧ ಕುಡಿದು ಇಟ್ಟ.

ಬಂದವರನ್ನು ಗೇಟಿನವರೆಗೆ ಕಳಿಸಿ ಒಳಬಂದಾಗ ಲೋಟ ಖಾಲಿಯಿತ್ತು, ಪ್ರಸನ್ನ ಮೊಬೈಲ್ ನೋಡುತ್ತಿದ್ದ. ನಿರ್ಮಲಮ್ಮ ಲೋಟದ ಅಂಚಿಗೆ ಪಟ್ಟಿ ಉಜ್ಜಿದರು. ನೋಡನೋಡುತ್ತಲೇ ನೀಲಿಯಾಯಿತು.

ಪ್ರಸನ್ನನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಅಂದ, ‘ನಾ ಹೇಳ್ಲಿಲ್ವಾ? ಫೋನ್ ಹಚ್ಚಿ ಬ್ಯಾಡ ಅಂದ್ಬಿಡಕ್ಕ. ಪಟ್ಟಿ ಸುಳ್ಳು ಹೇಳಲ್ಲ.’

ನಿರ್ಮಲಮ್ಮ ಫೋನ್ ಕೈಗೆತ್ತಿಕೊಂಡರು. ಅಡುಗೆಮನೆಯಿಂದ ಮೇಘಶ್ರೀ ಬಂದು ಬಾಗಿಲಲ್ಲಿ ನಿಂತಳು.

‘ಅವ್ವ, ಆ ಲೋಟಕ್ಕೆ ಅವರ ಎಂಜಲು ಹೆಂಗೆ ತಾಗ್ತು? ಎತ್ತಿ ಕುಡಿದ್ರಲ್ಲ. ಅಂಗಿ ಮ್ಯಾಲೆ ಚೆಲ್ಕಂಡಾಗ ನೀನೇ ಟವೆಲ್ ಕೊಟ್ಟೆ.’

ಹೌದು, ಕೊಟ್ಟಿದ್ದರು; ಕೆಂಪು ಕಣ್ಣಿನ ಯೋಚನೆಯಲ್ಲಿ ಮರೆತೇಬಿಟ್ಟಿದ್ದರು. ಈ ಕಡೆ ಯಾರು ತಾನೆ ಲೋಟಕ್ಕೆ ತುಟಿ ತಾಗಿಸುತ್ತಾರೆ? ಅದಕ್ಕೇ ಉಳಿದ ನೀರನ್ನೂ ಯಾರೂ ಚೆಲ್ಲುವುದಿಲ್ಲ.

‘ಹಂಗಾದ್ರೆ ಉಳಿದ ನೀರು?’

‘ಮಾಮ ಕುಡಿದ. ದಾವಣಗೆರೆ ರೂಮಿಗೆ ಹೋದ ಮ್ಯಾಲೆ ಅವನು ಕಚ್ಚೇ ಕುಡಿಯೋದು. ನೀನೇ ಬೈತಿರ್ತೀಯ.’

ನಿರ್ಮಲಮ್ಮ ಫೋನ್ ಕೆಳಗಿಟ್ಟು ಎರಡನೇ ಪಟ್ಟಿ ತೆಗೆದರು. ‘ಬಾಯಿ ತೆಗಿ, ತಮ್ಮ.’

‘ಇವನ್ನ ಪೂರ್ತಿ ನಂಬಾಕಾಗಲ್ಲಕ್ಕ. ಅಗ್ಗದ ಮಾಲು.’

‘ಈಗ ತಾನೆ ಸುಳ್ಳು ಹೇಳಲ್ಲ ಅಂದ್ಯಲ್ಲ. ತೆಗಿ.’

ಪ್ರಸನ್ನ ತುಟಿ ಬಿಗಿಹಿಡಿದು ಎದ್ದ. ಬಸ್ಸಿಗೆ ಹೊತ್ತಾಯಿತು ಅನ್ನುವಂತೆ ಗಡಿಯಾರ ತೋರಿಸಿದ. ಚಪ್ಪಲಿ ಮೆಟ್ಟಿ ಹೋಗಿಬಿಟ್ಟ.

ನಿರ್ಮಲಮ್ಮ ಗೋವಿನಕೋವಿಗೆ ಫೋನ್ ಮಾಡಿದರು. ‘ನಮಗೆ ಒಪ್ಪಿಗೆ ಐತ್ರೀ. ನಿಶ್ಚಿತಾರ್ಥದ ದಿನ ನೋಡ್ರಿ. ಹುಡುಗನಿಗೆ ಹೊಗೆ ಹತ್ರ ಬಾಳ ಹೊತ್ತು ನಿಲ್ಲಬ್ಯಾಡ ಅನ್ರಿ.’

ಮೇಘಶ್ರೀಗೆ ನಗು ಬಂತು. ಆದರೆ ಅವ್ವ ಉಳಿದ ಪಟ್ಟಿಯನ್ನು ಸಾಸಿವೆ ಡಬ್ಬಿಯಲ್ಲಿ ಜೋಪಾನವಾಗಿ ಇಡುತ್ತಿದ್ದರು.

‘ಅದ್ಯಾಕವ್ವ ಇನ್ನೂ?’

‘ಇರ್ಲಿ ಬಿಡು. ನಿಶ್ಚಿತಾರ್ಥದ ದಿನ ಹುಡುಗನಿಗೆ ಬಿಸಿ ಹಾಲು ಕೊಡಾನ. ಬಿಸೀದನ್ನ ಎತ್ತಿ ಕುಡಿಯಾಕಾಗಲ್ಲ.’