ಪರದೆ ಹೊಲಿಯುವ ಅಕ್ಕತಂಗಿಯರು

ಪರದೆಯ ಅಂಚಿನಿಂದ ಕಚ್ಚಾ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಸೂಜಿಯ ತುದಿಯಿಂದ ಬಿಳಿ ದಾರ ಎತ್ತುವುದು, ಬಟ್ಟೆ ಸುಕ್ಕಾಗದಂತೆ ಮೆಲ್ಲಗೆ ಎಳೆಯುವುದು, ಬೆರಳಿಗೆ ಸುತ್ತಿ ಡಬ್ಬಿಗೆ ಹಾಕುವುದು. ಎದುರಿಗೆ ಅಮ್ಮ ಮಿಷಿನ್ನಿನ ಮುಂದೆ ಕೂತಿದ್ದಳು. ಸೂಜಿಯ ಕೆಳಗೆ ಬಟ್ಟೆ ಇತ್ತು, ಪೆಡಲಿನ ಮೇಲೆ ಕಾಲಿತ್ತು, ಆದರೆ ತುಳಿಯುತ್ತಿರಲಿಲ್ಲ. ಗೋಡೆ ನೋಡುತ್ತಿದ್ದಳು. ಸುಣ್ಣ ಉದುರಿದ ಒಂದು ಜಾಗ ಬಿಟ್ಟರೆ ಆ ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮುಂಚೆ ಇಸ್ತ್ರಿ ಅಂಗಡಿಯ ಆಂಟಿ ಬಂದು ಹೋಗಿದ್ದರು. ಬಾಗಿಲಲ್ಲೇ ನಿಂತು ಹೇಳಿದ್ದರು, "ನಿಮ್ಮಕ್ಕ ಸೋಮವಾರ ಹೊರಡ್ತಾರಂತಲ್ಲ! ಮಗಳ ಮನೆಗೆ. ಪಾತ್ರೆ ಪಗಡ ಎಲ್ಲಾ ಕಟ್ಟಿ ಆಯ್ತಂತೆ. ಆ ಮೊಣಕಾಲು ಇಟ್ಕೊಂಡು ಇನ್ನೆಲ್ಲಿ ವಾಪಸ್ ಬರ್ತಾರೆ ಬಿಡಿ."

"ಹೌದಾ," ಎಂದಿದ್ದಳು ಅಮ್ಮ. ಆಮೇಲೆ, ಮುಂದಿನ ಸಲ ಗಂಜಿ ಸ್ವಲ್ಪ ಕಮ್ಮಿ ಹಾಕಿ ಎಂದು ಹೇಳಿ ಕಳಿಸಿದ್ದಳು.

ಅವತ್ತು ಶನಿವಾರ. ಅಮ್ಮನೂ ದೊಡ್ಡಮ್ಮನೂ ಮಾತು ಬಿಟ್ಟು ಎರಡು ಬೇಸಿಗೆ ಕಳೆದಿತ್ತು. ಪಕ್ಕದ ಬೀದಿಯಲ್ಲಿದ್ದಾಗಲೇ ಆಡದ ಮಾತನ್ನು ಬೇರೆ ಊರಿಗೆ ಹೋದ ಮೇಲೆ ಆಡುತ್ತಾರೆಯೇ? ಸೋಮವಾರದೊಳಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಇದು ನನಗೂ ಗೊತ್ತಿತ್ತು, ಗೋಡೆ ನೋಡುತ್ತಿದ್ದ ಅಮ್ಮನಿಗೂ ಗೊತ್ತಿತ್ತು.

ನಮ್ಮದು ಗುಡಿಗಳಿಗೆ ಪರದೆ ಹೊಲಿಯುವ ಕೆಲಸ. ನೈವೇದ್ಯದ ಹೊತ್ತಿಗೆ ಪೂಜಾರಿ ದೇವರ ಮುಂದೆ ಎಳೆಯುತ್ತಾರಲ್ಲ, ಆ ಪರದೆ. ದೊಡ್ಡ ದೇವಸ್ಥಾನಗಳು ನಮ್ಮ ಹತ್ತಿರ ಬರುವುದಿಲ್ಲ. ನಮ್ಮ ಊರು ಹಳೆಯದು, ಸುತ್ತ ಕೋಟೆ ಗೋಡೆ ಇದೆ, ನೋಡಲು ಜನ ಬರುತ್ತಾರೆ. ಅವರು ಫೋಟೊ ತೆಗೆಯುವುದು ದೊಡ್ಡ ಗೋಪುರದ್ದು. ನಮ್ಮ ಗುಡಿಗಳ ಮುಂದೆ ನಿಂತು ಆ ಗೋಪುರಕ್ಕೆ ದಾರಿ ಕೇಳುತ್ತಾರೆ. ನಮ್ಮ ಗುಡಿಗಳೆಂದರೆ ಬೀದಿಗೊಂದು, ಸಂದಿಗೊಂದು ಇರುವಂಥವು. ಎರಡು ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡ ಗಣಪತಿಗೆ ಟವೆಲ್ಲಿನಷ್ಟು ಅಗಲದ ಪರದೆ ಸಾಕು.

"ಮೂರು ಪರದೆ ಇವೆ," ಎಂದಳು ಅಮ್ಮ, ಕೊನೆಗೂ ಗೋಡೆಯಿಂದ ಕಣ್ಣು ತೆಗೆದು. "ಮೊದಲು ಭಜನೆ ಮಂದಿರಕ್ಕೆ ಕೊಡು, ಅವರಿಗೆ ಇವತ್ತೇ ಬೇಕಂತೆ. ಆಮೇಲೆ ಕಂಚುಗಾರರ ಬೀದಿ, ಆಮೇಲೆ ಟ್ಯಾಕ್ಸಿ ಸ್ಟ್ಯಾಂಡು. ನಾನು ದೀಪ ಹಚ್ಚೋ ಹೊತ್ತಿಗೆ ಮಂದಿರಕ್ಕೆ ಬರ್ತೀನಿ. ದಾರೀಲಿ ಬಾಯಿ ಬಿಟ್ಕೊಂಡು ನಿಂತ್ಕೋಬೇಡ."

ತಲೆಯಾಡಿಸಿ ಹೊರಟೆ.

ಹಾಲಿನ ಬೂತಿನ ತಿರುವಿನಲ್ಲಿ ದೊಡ್ಡಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಕೋಲು. ಕೋಲು ಹೊಸದು. ಅದನ್ನು ಬಚ್ಚಿಡುವವಳ ಹಾಗೆ ಸೀರೆಯ ನೆರಿಗೆಗೆ ಒತ್ತಿಕೊಂಡಿದ್ದಳು.

"ಏನೇ ಮೌನಗೌರಿ, ಪರದೆ ಕೊಡೋಕಾ? ನಾನೂ ಬರ್ತೀನಿ ನಡಿ. ಊರು ಬಿಡೋ ಮುಂಚೆ ಈ ದೇವರುಗಳಿಗೆಲ್ಲ ಒಂದು ಮಾತು ಹೇಳಿ ಹೋಗ್ಬೇಕು. ಇಷ್ಟು ವರ್ಷ ಪರದೆ ಹೊಲಿದು ಅವರ ಮುಖ ಮುಚ್ಚಿದ್ದೀನಿ, ಹೇಳದೆ ಹೋದ್ರೆ ಏನಂದ್ಕೋತಾರೆ?"

ಅಲ್ಲಿಂದ ಬಲಕ್ಕೆ ಹೋದರೆ ಭಜನೆ ಮಂದಿರ, ಎಡಕ್ಕೆ ಹೋದರೆ ಟ್ಯಾಕ್ಸಿ ಸ್ಟ್ಯಾಂಡು. ಬಿಸಿಲು ಇನ್ನೂ ಗೋಡೆಗಳ ಅರ್ಧಕ್ಕೆ ಇತ್ತು, ಅಮ್ಮ ಮಂದಿರಕ್ಕೆ ಬರಲು ಹೊತ್ತಿತ್ತು. ನಾನು ಎಡಕ್ಕೆ ತಿರುಗಿದೆ.

ಟ್ಯಾಕ್ಸಿ ಸ್ಟ್ಯಾಂಡಿನ ಆಂಜನೇಯನಿಗೆ ಪೂಜೆ ಮಾಡುವುದು ಒಬ್ಬ ಡ್ರೈವರ್. ಎಲ್ಲರೂ ಅವನನ್ನು ಮೀಟರ್ ಎಂದು ಕರೆಯುತ್ತಾರೆ, ಏಕೆಂದರೆ ಅವನ ಗಾಡಿಯಲ್ಲಿ ಅದೊಂದು ಮಾತ್ರ ಓಡುವುದಿಲ್ಲ. ಗುಡಿ ಎಂದರೆ ಕಬ್ಬಿಣದ ಗೇಟು, ಒಂದು ಟ್ಯೂಬ್‌ಲೈಟು, ಎಣ್ಣೆ ಕುಡಿದು ಮಿರಿಮಿರಿ ಮಿಂಚುವ ದೇವರು. ಮೀಟರ್ ಕೈ ತೊಳೆದು ಬಂದು ಹಳೇ ಪರದೆ ತೆಗೆದ, ಹೊಸದನ್ನು ಸರಳಿಗೆ ತೂರಿಸಿದ.

"ದೊಡ್ಡಮ್ಮಾ, ಸೋಮವಾರ ಬಸ್ಸಿಗೆ ನಾನೇ ಬಿಡ್ತೀನಿ. ಮನೆ ಮುಂದೆನೇ ಗಾಡಿ ತರ್ತೀನಿ."

"ನಿನ್ನ ಗಾಡಿ ಬೇಡಪ್ಪ. ನಿನ್ನ ರೇಟು ಕೇಳಿದ್ರೆ ಈ ಕಾಲಲ್ಲೂ ಓಡ್ತೀನಿ ನಾನು."

ನಿಂತಿದ್ದ ಡ್ರೈವರುಗಳೆಲ್ಲ ನಕ್ಕರು. ದೊಡ್ಡಮ್ಮ ಒಂದು ಹಣ್ಣು ತೆಗೆದು ದೇವರ ಮುಂದಿಟ್ಟು, ಕಣ್ಣು ಮುಚ್ಚಿ, ಹಿಂದೆ ನಮ್ಮ ಮನೆಯಲ್ಲಿ ಕೆಲಸ ಹೇಳುತ್ತಿದ್ದ ದನಿಯಲ್ಲೇ ಏನೋ ಹೇಳಿದಳು. "ನೋಡ್ಕೋ" ಎನ್ನುವುದೊಂದು ನನಗೆ ಕೇಳಿಸಿತು.

ಕಂಚುಗಾರರ ಬೀದಿಗೆ ಹೋಗುವಾಗ ಎರಡು ಕಡೆ ಕೂರಬೇಕಾಯಿತು. ಮೊದಲು ಒಂದು ಅಂಗಡಿಯ ಮೆಟ್ಟಿಲ ಮೇಲೆ, ಆಮೇಲೆ ಯಾರದೋ ಮನೆಯ ಜಗಲಿಯ ಮೇಲೆ. ಕೂತಾಗಲೆಲ್ಲ ಅವಳೇ ನೆಪ ಹೇಳುತ್ತಿದ್ದಳು. ಚಪ್ಪಲಿ ಕಚ್ಚುತ್ತಿದೆ, ಬಿಸಿಲು ಜಾಸ್ತಿ. ಅಮ್ಮನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು ಅವಳು. ಅಜ್ಜಿ ತೀರಿಕೊಂಡ ಮೇಲೆ ಅಮ್ಮನಿಗೆ ಜಡೆ ಹಾಕಿದ್ದು, ಮಿಷಿನ್ ತುಳಿಯಲು ಕಲಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಇವಳೇ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಮೊದಲ ಸೂಜಿ ಕೈಗೆ ಕೊಟ್ಟವಳೂ ಇವಳೇ.

ಕಂಚುಗಾರರ ಬೀದಿಯ ದೇವಿಯ ಗುಡಿಗೆ ಬಾಗಿಲು ಸಣ್ಣದು, ಬಗ್ಗಿಯೇ ಹೋಗಬೇಕು. ದೊಡ್ಡಮ್ಮನಿಗೆ ಬಗ್ಗಲಾಗಲಿಲ್ಲ. ಹೊರಗೇ ನಿಂತು ಕೈ ಮುಗಿದಳು. ಪೂಜೆ ಮಾಡುವ ಅಜ್ಜಿ ಹಳೇ ಪರದೆಯನ್ನು ಮಡಚಿ ತಂದು ಕೊಟ್ಟರು. ದೊಡ್ಡಮ್ಮ ಅದನ್ನು ಬಿಡಿಸಿ, ಮೂಲೆಯನ್ನು ಬೆರಳ ನಡುವೆ ಹಿಡಿದು ಉಜ್ಜಿದಳು.

"ಇದು ನಿಮ್ಮಮ್ಮನ ಕೈ. ಮೂಲೆಗೆ ಬಂದಾಗ ಎರಡು ಸಲ ತಿರುಗಿಸ್ತಾಳೆ ನೋಡು. ಬಟ್ಟೆ ಹರಿದೀತು, ಮೂಲೆ ಬಿಚ್ಚಲ್ಲ." ಪರದೆಯನ್ನು ಮತ್ತೆ ಮಡಚುತ್ತಾ ಕೇಳಿದಳು, "ಅವಳ ಕಣ್ಣು ಹೇಗಿದೆ ಈಗ? ಸಂಜೆ ಮೇಲೆ ಹೊಲೀತಾಳಾ?"

"ಇಲ್ಲ," ಎಂದೆ.

"ಹೊಲೀಬಾರದು. ನಾನು ಸುಮ್ನೆ ಕೇಳಿದೆ. ಹೋಗಿ ಹೇಳ್ಬೇಡ."

ಬಿಸಿಲು ಗೋಡೆಯ ನೆತ್ತಿಗೆ ಹೋಗಿತ್ತು. ಚೀಲದಲ್ಲಿ ಒಂದು ಪರದೆ ಉಳಿದಿತ್ತು. ಕೋಟೆ ಬಾಗಿಲಿನ ಕಡೆ ತಿರುಗಿದ ಕೂಡಲೇ ದೊಡ್ಡಮ್ಮ ನಿಂತುಬಿಟ್ಟಳು.

"ಈ ದಾರಿ ಯಾಕೆ?"

ನಾನು ಚೀಲ ತೋರಿಸಿದೆ.

"ಮಂದಿರಕ್ಕಾ? ನೀನು ಹೋಗಿ ಕೊಟ್ಟು ಬಾ. ನಾನು ಇಲ್ಲೇ ಇರ್ತೀನಿ."

ಅವಳು ಆ ಮಂದಿರಕ್ಕೆ ಹೋಗದೆಯೂ ಎರಡು ಬೇಸಿಗೆಯೇ ಆಗಿತ್ತು. ಜಗಳ ಆದದ್ದು ಅಲ್ಲಿಯೇ.

ಆಗ ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ಪರದೆಯ ಮೇಲಿನ ಚಿತ್ರ, ಜರಿ ಅಂಚು ಅಮ್ಮನದು. ಸರಳು ತೂರಿಸಲು ಮೇಲ್ತುದಿಗೆ ಮಡಿಕೆ ಹೊಲಿಯುವುದು ದೊಡ್ಡಮ್ಮನದು. ದೇವರ ಬಟ್ಟೆ ಕೊಳೆಯಾಗಬಾರದೆಂದು ಅಮ್ಮ ಚಿತ್ರ ಒಳಗೆ ಬರುವಂತೆ ಮಡಚಿ ಕಳಿಸುತ್ತಿದ್ದಳು. ಬಿಡಿಸಿ ನೋಡದೆಯೇ ತಿಳಿಯಲೆಂದು ಮೇಲಿನ ತುದಿಗೆ ಒಂದು ಕೆಂಪು ದಾರ ಕಟ್ಟುವುದು ಇಬ್ಬರ ನಡುವಿನ ವಾಡಿಕೆ. ದೊಡ್ಡಮ್ಮ ದಾರ ಇದ್ದ ಕಡೆ ಮಡಿಕೆ ಹೊಲಿದು, ದಾರ ಕತ್ತರಿಸಿ ಎಸೆಯುತ್ತಿದ್ದಳು. ಎಷ್ಟೋ ವರ್ಷ ಹೀಗೇ ನಡೆದಿತ್ತು.

ಮಂದಿರಕ್ಕೆಂದು ಅಮ್ಮ ಎರಡು ನವಿಲು ಕೂರಿಸಿದಳು. ಗರಿಗೊಂದು ಬಣ್ಣದ ಬಟ್ಟೆಯ ತುಂಡು, ಕಣ್ಣಿಗೆ ಕನ್ನಡಿ ಚೂರು. ಚಳಿಗಾಲವೆಲ್ಲ ಅದೇ ಕೆಲಸ. ಕೊಡುವ ದಿನ ಮಂದಿರ ತುಂಬ ಜನ. ಪೂಜಾರಿ ಪರದೆ ಎಳೆದರು. ನವಿಲುಗಳೆರಡೂ ತಲೆ ಕೆಳಗಾಗಿ, ಕಾಲು ಮೇಲೆತ್ತಿ ನಿಂತಿದ್ದವು. ಹಾರ್ಮೋನಿಯಂ ತಾತ, "ನವಿಲಿಗೂ ಯೋಗಾಸನ ಹೇಳಿಕೊಟ್ಟಿದ್ದೀರಾ?" ಎಂದರು. ಇಡೀ ಮಂದಿರ ನಕ್ಕಿತು.

ಅಮ್ಮ ಅಷ್ಟೂ ಜನರ ಮುಂದೆ ತಿರುಗಿ, "ತಲೆ ಯಾವುದು ಕಾಲು ಯಾವುದು ಅಂತಾನೂ ಗೊತ್ತಾಗಲ್ವಾ ನಿಂಗೆ? ಕಣ್ಣು ಎಲ್ಲಿಟ್ಟಿದ್ದೆ?" ಎಂದಳು.

"ದಾರ ಇದ್ದ ಕಡೆ ಹೊಲಿದೆ," ಎಂದಳು ದೊಡ್ಡಮ್ಮ.

"ದಾರ ಮೇಲೇ ಕಟ್ಟಿದ್ದೆ."

ದಾರ ಯಾವ ತುದಿಗೆ ಇತ್ತೋ ಯಾರಿಗೆ ಗೊತ್ತು. ಅದು ಆಗಲೇ ಕಸದ ಜೊತೆ ಹೋಗಿತ್ತು. ಮಾರನೇ ದಿನ ಮಡಿಕೆ ಬಿಚ್ಚಿ ಇನ್ನೊಂದು ತುದಿಗೆ ಹೊಲಿದದ್ದಾಯಿತು, ಅರ್ಧ ಬೆಳಗಿನ ಕೆಲಸ. ದೊಡ್ಡಮ್ಮ ಮಾತ್ರ ಅವತ್ತು ಮಂದಿರದಿಂದ ಹೊರಗೆ ಹೋದವಳು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಮ್ಮನೂ ಅವಳ ಮನೆಗೆ ಹೋಗಲಿಲ್ಲ. ಅಲ್ಲಿಂದ ಈಚೆಗೆ ಅಮ್ಮ ಪರದೆಯ ಮೇಲೆ ಹಕ್ಕಿ, ಹೂವು ಏನನ್ನೂ ಕೂರಿಸಿಲ್ಲ. ಬರೀ ಅಂಚು. ಸಾಲದೆಂದು ಎರಡೂ ತುದಿಗೆ ಮಡಿಕೆ ಹೊಲಿಯುತ್ತಾಳೆ, ಯಾವ ಕಡೆಯಿಂದ ತೂಗುಹಾಕಿದರೂ ಸರಿಯಾಗಲೆಂದು.

ನಾನು ದೊಡ್ಡಮ್ಮನ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡು ನಡೆದೆ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಹಿಂದೆ ಕೋಲಿನ ಸದ್ದು ಬಂತು.

"ಬಾಯಿ ಇಲ್ಲದೋರು ಹೀಗೇನೇ," ಎಂದು ಗೊಣಗುತ್ತಾ ಬರುತ್ತಿದ್ದಳು. "ಮಾತಾಡೋರನ್ನಾದ್ರೂ ಬೈಬಹುದು."

ಮಂದಿರ ಒಂದು ಉದ್ದನೆಯ ಕೋಣೆ. ನೆಲಕ್ಕೆ ಜಮಖಾನ, ಗೋಡೆಯ ಉದ್ದಕ್ಕೂ ಒರಗಿ ಕೂತವರ ಬೆನ್ನು ಉಜ್ಜಿದ ಕೊಳೆ, ಎಡಗಡೆ ಕಂಬದ ಪಕ್ಕ ಒಂದು ಮರದ ಬೆಂಚು. ಕೆಳಗೆ ಕೂತರೆ ಏಳಲಾಗದವರಿಗೆ ಇರುವುದು ಅದೊಂದೇ. ಹಾರ್ಮೋನಿಯಂ ತಾತ ಬಂದಾಗಿತ್ತು, ತಾಳದವರು ಬರಬೇಕಿತ್ತು. ಬೆಂಚಿನ ನಟ್ಟನಡುವೆ ಅಮ್ಮ ಕೂತಿದ್ದಳು, ಪಕ್ಕದಲ್ಲಿ ಅವಳ ಚೀಲ.

ನನ್ನನ್ನು ನೋಡಿ ಬೈಯಲು ಬಾಯಿ ತೆರೆದಳು. ಹಿಂದೆ ಬರುತ್ತಿದ್ದವಳನ್ನು ನೋಡಿ ಮುಚ್ಚಿದಳು.

ಪೂಜಾರಿಗೆ ಖುಷಿಯೋ ಖುಷಿ. "ಬನ್ನಿ ಬನ್ನಿ! ಏನು ಇವತ್ತು, ಇಬ್ಬರೂ ಒಟ್ಟಿಗೆ!"

"ಒಟ್ಟಿಗೆ ಬಂದಿಲ್ಲ," ಎಂದರು ಇಬ್ಬರೂ ಒಟ್ಟಿಗೇ.

ಹಾರ್ಮೋನಿಯಂ ತಾತ ತಲೆ ತಗ್ಗಿಸಿ ಕೆಮ್ಮಿದರು. ಪೂಜಾರಿ ಪರದೆ ಬಿಡಿಸಿ, ಹಿಂದೆ ಮುಂದೆ ತಿರುಗಿಸಿ, "ಮೇಲೆ ಯಾವ ಕಡೆ ತಾಯಿ?" ಎಂದರು. ಕೇಳಿದ ಮೇಲೆ ಅವರಿಗೇ ನೆನಪಾಗಿರಬೇಕು, ಕಿವಿ ಕೆಂಪಾಯಿತು.

"ಎರಡೂ ಒಂದೇ," ಎಂದಳು ಅಮ್ಮ. "ಎರಡೂ ಕಡೆ ಮಡಿಕೆ ಇದೆ."

ದೊಡ್ಡಮ್ಮ ಕಂಬ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡುತ್ತಾ ಹೇಳಿದಳು, "ಎರಡೂ ಕಡೆ ಮಡಿಕೆ ಹಾಕಿದ್ರೆ ಬಟ್ಟೆ ದಂಡ ಅಂತ ಹೇಳೇ ನಿಮ್ಮಮ್ಮಂಗೆ."

"ದಂಡ ಆದ್ರೆ ನನ್ನ ಬಟ್ಟೆ ತಾನೇ ಅಂತ ಹೇಳೇ ನಿಮ್ಮ ದೊಡ್ಡಮ್ಮಂಗೆ."

"ಕೆಳಗಡೆ ಭಾರ ಆಗಿ ಎಳೆಯುತ್ತೆ. ಮೇಲೆ ಹೊಲಿಗೆ ಬಿಟ್ಕೊಳ್ಳುತ್ತೆ. ಗೊತ್ತಿಲ್ವಾ ಅಂತ ಕೇಳು."

"ಮಂಡಿ ನೋವು ಇಟ್ಕೊಂಡು ಊರೆಲ್ಲ ಸುತ್ತೋರಿಗೆ ಎಲ್ಲಾ ಗೊತ್ತಿರುತ್ತೆ ಅಂತ ಹೇಳು."

ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಬ್ಬರ ನಡುವೆ ಮೂರು ಹೆಜ್ಜೆ ಜಾಗವೂ ಇರಲಿಲ್ಲ.

ಆಮೇಲೆ ಅವರ ಮಾತೂ ನಿಂತಿತು. ಪೂಜಾರಿ ಸ್ಟೂಲು ಹತ್ತಿ ಸರಳು ತೂರಿಸಿದರು, ದೀಪ ಹಚ್ಚಲು ಒಳಗೆ ಹೋದರು. ತಾಳದವರು ಬಂದು ಕೂತರು. ದೊಡ್ಡಮ್ಮ ಕೂರಲಿಲ್ಲ. ಜಮಖಾನದ ಮೇಲೆ ಕೂರಲು ಅವಳಿಂದಾಗದು, ಬೆಂಚಿನ ಕಡೆಗೆ ಅವಳು ನೋಡಲೂ ಇಲ್ಲ. ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದಳು. ಕಂಬ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. ಇನ್ನೊಂದು ಸ್ವಲ್ಪ ಹೊತ್ತಾದರೆ "ಬರ್ತೀನಿ" ಎಂದು ಪೂಜಾರಿಗೆ ಹೇಳಿ ಹೊರಟುಬಿಡುತ್ತಾಳೆ ಎಂದು ನನಗೆ ಅನಿಸಿತು. ಸೋಮವಾರ ಬೆಳಿಗ್ಗೆ ಬಸ್ಸು.

ಅಮ್ಮ ನೆಲ ನೋಡುತ್ತಿದ್ದಳು. ಅಲ್ಲ, ದೊಡ್ಡಮ್ಮನ ಪಾದ ನೋಡುತ್ತಿದ್ದಳು. ಪಾದ ಊದಿ ಬೆರಳುಗಳ ಗೆಣ್ಣು ಕಾಣುತ್ತಿರಲಿಲ್ಲ. ಕೋಲನ್ನೂ ಅವಳು ಆಗಲೇ ಮೊದಲ ಸಲ ನೋಡಿದ್ದಿರಬೇಕು. ಪಕ್ಕದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಯಾರಾದರೂ ನೋಡಿದರೇನೋ ಎನ್ನುವ ಹಾಗೆ ಮತ್ತೆ ಅಲ್ಲೇ ಕೆಳಗಿಟ್ಟಳು.

ಪೂಜಾರಿ ಪರದೆ ಎಳೆದರು. ಮಂದಿರದಲ್ಲಿ ಮಾತು ಅಡಗಿತು. ಪರದೆಯ ಹಿಂದೆ ಗಂಟೆಯ ಸಣ್ಣ ಸದ್ದು, ನೀರು ಸುರಿದ ಸದ್ದು. ಎಲ್ಲರೂ ಕೈ ಮುಗಿದು ಕಾಯುತ್ತಿದ್ದರು.

"ಅಮ್ಮಾ," ಎಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಹಾರ್ಮೋನಿಯಂ ತಾತ ತಿರುಗಿದರು, ತಾಳದವರು ತಿರುಗಿದರು. ಅಮ್ಮ ಮಾತ್ರ ತಿರುಗಲಿಲ್ಲ. ದೊಡ್ಡಮ್ಮ ಪರದೆಯನ್ನೇ ನೋಡುತ್ತಾ ನಿಂತಿದ್ದಳು.

"ಅಮ್ಮಾ, ಒಂಚೂರು ಪಕ್ಕಕ್ಕೆ ಸರ್ಕೋ. ದೊಡ್ಡಮ್ಮ ಕೂತ್ಕೊಳ್ಳಲಿ."