ಸಿಹಿನೀರಿನ ಭಾರ

ಗಂಡಸು ಛತ್ರಿ ಕಳೆದುಕೊಂಡು ಬರುವುದು ಸಹಜ. ಚಪ್ಪಲಿ ಕಳೆದುಕೊಂಡರೂ ಗುಡಿಯ ನೆಪ ಹೇಳಬಹುದು. ಆದರೆ ದೋಣಿ ನಡೆಸುವ ಮನುಷ್ಯ ಎರಡು ಕೈಯಲ್ಲೂ ಎತ್ತಲಾಗದ ಕಬ್ಬಿಣದ ಲಂಗರನ್ನೇ ಬಂದರಿನಲ್ಲಿ ಮರೆತು ಬಂದರೆ ಅವನನ್ನು ಏನೆಂದು ಬೈಯಬೇಕೋ ನರ್ಮದಾಳಿಗೆ ತಿಳಿಯಲಿಲ್ಲ. ತಿಳಿಯದೆ ಸುಮ್ಮನಿರುವ ಜಾತಿಯಲ್ಲ ಆಕೆ.

"ತದಡಿಯೊಳಗ ಉಳೀತು ಅನಸ್ತದ," ಎಂದು ಗಂಡ ಜಯತೀರ್ಥರು ತಲೆ ಕೆರೆದುಕೊಂಡರು.

"ಕಾರವಾರದಾಗ ಮಡಚೋ ಕುರ್ಚಿ ಬಿಟ್ರಿ. ಬೇಲೆಕೇರಿಯೊಳಗ ಪುಸ್ತಕದ ಪೆಟ್ಟಿಗಿ ಬಿಟ್ರಿ. ಈಗ ಲಂಗರ. ಭಟ್ಕಳ ಮುಟ್ಟೋದ್ರಾಗ ನನ್ನೂ ಎಲ್ಲ್ಯರ ಬಿಟ್ಟು ಬರ್ತೀರಿ."

ಜಯತೀರ್ಥರು ಹೊನ್ನಾವರದ ದಕ್ಕೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ದೋಣಿಯ ಪಕ್ಕೆಗೆ ತಾವೇ ಬಳಿದಿದ್ದ ಕೆಂಪು ಪಟ್ಟಿಯನ್ನು ಬಗ್ಗಿ ನೋಡತೊಡಗಿದರು. ಇದೂ ಒಂದು ಹೊಸ ಚಾಳಿ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಹೀಗೆ ಬಗ್ಗಿ ನೋಡುವುದು, ಎದ್ದು ನಿಟ್ಟುಸಿರು ಬಿಡುವುದು. ಬಣ್ಣ ಬಳಿದವರೇ ಅವರು, ಅದರಲ್ಲಿ ನೋಡುವಂಥದ್ದು ಏನಿತ್ತೋ.

ಜಯತೀರ್ಥರು ರೋಣದ ಕಾಲೇಜಿನಲ್ಲಿ ಭೂಗೋಳ ಕಲಿಸುವವರು. ಗಜೇಂದ್ರಗಡದ ಮನೆಯಿಂದ ದಿನಾ ಬಸ್ಸು ಹಿಡಿದು ಹೋಗಿ, ಸಮುದ್ರ ಕಾಣದ ಹುಡುಗರಿಗೆ ಕರಿಹಲಗೆಯ ಮೇಲೆ ಉಬ್ಬರ ಇಳಿತ ಬರೆದು ತೋರಿಸಿ, ಸಂಜೆ ಅಂಗಿಯ ತುಂಬ ಸೀಮೆಸುಣ್ಣ ಹಚ್ಚಿಕೊಂಡು ಬರುತ್ತಿದ್ದರು. ಐವತ್ತು ದಾಟಿದ ಮೇಲೆ ಒಬ್ಬೊಬ್ಬರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವರಿಗೆ ದೋಣಿ ಬಂತು. ಗೋವಾದಲ್ಲಿ ಯಾರೋ ಬೇಡವೆಂದು ಬಿಟ್ಟಿದ್ದ ಸಣ್ಣ ಹಾಯಿದೋಣಿಯನ್ನು ಲಾರಿಯ ಮೇಲೆ ಹೇರಿಸಿ ತಂದು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಚಳಿಗಾಲವೆಲ್ಲ ತಿಕ್ಕಿದ್ದೇ ತಿಕ್ಕಿದ್ದು. 'ಮಲಪ್ರಭಾ' ಎಂದು ಹೆಸರನ್ನೂ ಬರೆದರು. ಓಣಿಯ ಮಂದಿ ನೋಡಲು ಬಂದರು. ಎದುರು ಮನೆಯ ಗವಿಸಿದ್ದಪ್ಪ ಸುತ್ತು ಹಾಕಿ ನೋಡಿ, "ಛಲೋ ಐತ್ರಿ ಸರ್. ಆದ್ರ ಇದು ತೇಲೂವಷ್ಟು ನೀರು ನಮ್ಮ ಓಣಿಗೆ ಯಾವಾಗ ಬಿಡ್ತಾರಂತ ಕೇಳೀರೇನ್ರಿ?" ಎಂದ. ನರ್ಮದಾ ನಾಚಿಕೆಯಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ನಾಚಿಕೆ ಹೇಗೋ ನುಂಗಬಹುದಿತ್ತು. ಆದರೆ ದೋಣಿಯ ಹಿಂದೆಯೇ ಇನ್ನೊಂದು ಮಾತು ಬಂತು. ಕುಮಟಾದ ಕಾಲೇಜಿಗೆ ವರ್ಗ ಕೇಳಿದರೆ ಸಿಗುತ್ತದೆ, ಅಲ್ಲೇ ಸಮುದ್ರದ ದಂಡೆಗೆ ಇದ್ದುಬಿಡೋಣ ಎಂದರು ಜಯತೀರ್ಥರು. ಆಕೆ ರಂಪ ಮಾಡಿದಳು. ಕೊನೆಗೆ ಒಂದು ಒಪ್ಪಂದವಾಯಿತು.

"ಈ ಸೂಟಿಯೊಳಗ ಕಾರವಾರದಿಂದ ಭಟ್ಕಳತನಕ ನನ್ನ ಜೋಡಿ ದೋಣ್ಯಾಗ ಬಾ. ಭಟ್ಕಳದಾಗ ಹೂಂ ಅನ್ನು, ಇಲ್ಲಾ ಊಂಹೂಂ ಅನ್ನು. ಊಂಹೂಂ ಅಂದ್ರ ದೋಣಿ ಮಾರ್ತೀನಿ. ಮತ್ತ ಆ ಮಾತು ತಗಿಯಂಗಿಲ್ಲ."

ಊಂಹೂಂ ಆಕೆಯ ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ಅದನ್ನು ಅಲ್ಲಿಯತನಕ ಹೊತ್ತುಕೊಂಡು ಹೋಗುವುದಷ್ಟೇ ಬಾಕಿ ಎಂದುಕೊಂಡು ಹೊರಟಿದ್ದಳು.

ಹೊತ್ತುಕೊಂಡು ಹೋಗುವುದೇನು ಸುಲಭವಾಗಿರಲಿಲ್ಲ. ದೋಣಿಯೊಳಗೆ ನೆಟ್ಟಗೆ ನಿಂತರೆ ತಲೆಗೆ ಬಡಿಯುತ್ತಿತ್ತು. ಓಲಾಡುವ ಒಲೆಯ ಮುಂದೆ ರೊಟ್ಟಿ ಬಡಿಯಲು ಹೋದರೆ ಹಿಟ್ಟು ಒಂದು ಕಡೆ, ಅದನ್ನು ನಾದುವ ಕೊಣಮಿಗೆ ಒಂದು ಕಡೆ. ಕೂದಲೆಲ್ಲ ಉಪ್ಪು ಹತ್ತಿ ಬಾಚಣಿಗೆ ಇಳಿಯುತ್ತಿರಲಿಲ್ಲ. ಗಾಳಿ ಬಂದರೆ ಪ್ರಾಣ ಹೋಗುವಷ್ಟು ಬರುತ್ತಿತ್ತು, ಬರದಿದ್ದರೆ ಮಧ್ಯಾಹ್ನವೆಲ್ಲ ಒಂದೇ ಗುಡ್ಡ ನೋಡಿಕೊಂಡು ಕೂತಿರಬೇಕು. ಇದರ ಮೇಲೆ ಜಯತೀರ್ಥರು ಚುಕ್ಕಾಣಿ ಹಿಡಿದು ಗುನುಗುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಗುನುಗಿದ್ದನ್ನು ಆಕೆ ಒಂದು ದಿನವೂ ಕೇಳಿರಲಿಲ್ಲ. ಅದಕ್ಕೂ ಸಿಟ್ಟು ಬಂತು. ಗಂಟಲಲ್ಲಿ ದನಿ ಇದ್ದ ಮನುಷ್ಯ ಇಲ್ಲಿಯತನಕ ಅದನ್ನು ಎಲ್ಲಿಟ್ಟಿದ್ದರು?

ಎಲ್ಲಕ್ಕಿಂತ ಹೆದರಿಸಿದ್ದು ನೀರು. ಗಜೇಂದ್ರಗಡದ ಅವರ ಓಣಿಗೆ ನಳ ಬರುವುದು ಬೀಗರು ಬಂದ ಹಾಗೆ, ಹೇಳದೆ ಕೇಳದೆ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಬಂದಾಗ ಹಂಡೆ, ಕೊಡ, ಬಕೀಟು, ಕುಕ್ಕರು, ಕಡೆಗೆ ಚಹಾದ ಗಿಂಡಿಯನ್ನೂ ತುಂಬಿಸಿ ಇಡದಿದ್ದರೆ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ. ಇಲ್ಲಿ ನೋಡಿದರೆ ಕಣ್ಣು ಹಾಯುವಷ್ಟು ದೂರ ನೀರು, ಬಾಯಿಗಿಟ್ಟರೆ ಉಗುಳಬೇಕು.  ಹಾಗಾಗಿ ಪ್ರತಿ ಬಂದರಿನಲ್ಲೂ ಆಕೆ ಮೊದಲು ಹುಡುಕುತ್ತಿದ್ದುದು ನಳ. ಅಲ್ಲಿಯ ಜನ ನಳ ತಿರುವಿ ಹಾಗೇ ಬಿಟ್ಟು ಹೋಗಿರುತ್ತಿದ್ದರು, ಸಿಹಿನೀರು ಕಲ್ಲಿನ ಮೇಲೆ ಸುರಿದು ಹರಿದು ಹೋಗುತ್ತಿತ್ತು. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಪೇಟೆಗೆ ಹೋಗಿ ಮತ್ತೊಂದು ಕ್ಯಾನು ಕೊಂಡು ತರುವಳು, ತುಂಬಿಸುವಳು, ನಳ ಬಿಗಿಯಾಗಿ ತಿರುವಿ ನಿಲ್ಲಿಸುವಳು. ಜಯತೀರ್ಥರು ಮಾತಾಡದೆ ಕ್ಯಾನು ಹೊತ್ತು ತಂದು ಹಲಗೆಗಳ ಕೆಳಗೆ ಇಡುವರು. ಹೊನ್ನಾವರ ಮುಟ್ಟುವ ಹೊತ್ತಿಗೆ ಮಲಗುವ ಹಲಗೆಯ ಕೆಳಗೆ, ಒಲೆಯ ಹಿಂದೆ, ಕಾಲಿಡುವ ಜಾಗದಲ್ಲಿ ಕೂಡ ಕ್ಯಾನುಗಳೇ. ಅವುಗಳನ್ನು ದಾಟಿ ಓಡಾಡುವಾಗ ಮಾತ್ರ ಆಕೆಗೆ ಸ್ವಲ್ಪ ಮನೆಯಲ್ಲಿದ್ದ ಹಾಗೆ ಅನಿಸುತ್ತಿತ್ತು.

ಹೊನ್ನಾವರದಿಂದ ಹೊರಟದ್ದು ಸ್ವಲ್ಪ ತಡವಾಯಿತು. ಲಂಗರಿನ ಜಗಳಕ್ಕೆ ಹೊತ್ತು ಹೋಗಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಬರುವಾಗ ಆಗಲೇ ಇಳಿತ ಶುರುವಾಗಿ ನೀರು ಹೊರಗೆ ಎಳೆಯುತ್ತಿತ್ತು. ಜಯತೀರ್ಥರ ಗುನುಗು ನಿಂತಿತು. ಅಡಿಯಲ್ಲಿ ಗರ್ರ್ ಎಂಬ ಸದ್ದಾಗಿ, ದೋಣಿ ಮರಳಿನ ದಿಬ್ಬಕ್ಕೆ ಕೂತುಬಿಟ್ಟಿತು. ಬಂದರಿನಲ್ಲಿ ದೋಣಿ ತಿರುವಲು ಇದ್ದ ಸಣ್ಣ ಯಂತ್ರ ಹಚ್ಚಿ ಹಿಂದಕ್ಕೆ ಎಳೆದರು. ರಾಡಿ ಎದ್ದಿತೇ ಹೊರತು ದೋಣಿ ಅಲುಗಲಿಲ್ಲ.

ಮೀನು ಹಿಡಿದು ಒಳಗೆ ಬರುತ್ತಿದ್ದ ಒಂದು ದೋಣಿ ಇವರನ್ನು ನೋಡಿ ಹತ್ತಿರ ಬಂತು. ತದಡಿಯಲ್ಲಿ ಇವರ ಪಕ್ಕದಲ್ಲೇ ದೋಣಿ ಕಟ್ಟಿದ್ದ ಇಲಿಯಾಸ ಅದರಲ್ಲಿದ್ದ.

"ಸರ್, ನೀರು ಇಳೀತಾ ಇದೆ. ಇನ್ನು ಸ್ವಲ್ಪ ಹೊತ್ತಿಗೆ ಇದು ಮಗ್ಗುಲಿಗೆ ಬೀಳ್ತದೆ. ಆಮೇಲೆ ನೀರು ಏರಿ ಭರತದ ತೆರೆ ಬಂದ್ರೆ ಒಡೆದು ಹೋಗ್ತದೆ. ನಿಮ್ಮ ದೊಡ್ಡ ಲಂಗರು ಹಿಂದೆ ಆಳದಲ್ಲಿ ಹಾಕಿ ಎಳೀಬೇಕಿತ್ತು," ಎಂದ. ಮರುಕ್ಷಣವೇ ಏನೋ ನೆನಪಾದವನಂತೆ ಬಾಯಿ ಮುಚ್ಚಿಕೊಂಡ.

"ಎಲ್ಲಿಂದ ಹಾಕೋದು? ಲಂಗರ ಮರತ ಬಂದಾರ ಇವರು," ಎಂದಳು ನರ್ಮದಾ.

ಇಲಿಯಾಸ ಒಮ್ಮೆ ಆಕೆಯ ಮುಖ ನೋಡಿದ, ಒಮ್ಮೆ ಜಯತೀರ್ಥರ ಮುಖ ನೋಡಿದ.

"ಮರೆತದ್ದಲ್ಲ ಅಮ್ಮ. ಸರ್ ನನ್ನ ಕೈಗೇ ಕೊಟ್ರಲ್ಲ, ಮನೇಲಿ ಇಟ್ಟಿರು ಅಂತ. ದೋಣಿ ಭಾರ ಆಗ್ತದೆ, ಮನೆಯವರಿಗೆ ನೀರು ಬೇಕು ಅಂದ್ರು. ಕುರ್ಚಿ, ಪುಸ್ತಕ ಎಲ್ಲ ಮೊದಲೇ ಕೊಟ್ಟು ಬಂದಿದ್ದೇನೆ ಅಂದ್ರು."

ನರ್ಮದಾ ಗಂಡನ ಕಡೆ ತಿರುಗಿದಳು. ಕೂತು ಸಮುದ್ರ ನೋಡಬೇಕೆಂದೇ ಆ ಕುರ್ಚಿಯನ್ನು ಹುಬ್ಬಳ್ಳಿಗೆ ಹೋಗಿ ಆರಿಸಿ ತಂದಿದ್ದರು. ಆ ಪುಸ್ತಕದ ಪೆಟ್ಟಿಗೆಯನ್ನು ಮನೆಯಲ್ಲಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ಆ ಕೆಂಪು ಪಟ್ಟಿ. ದೋಣಿ ಎಷ್ಟು ಮುಳುಗಿದೆ ಎಂದು ಅವರು ದಿನಾ ಬೆಳಿಗ್ಗೆ ನೋಡುತ್ತಿದ್ದರು ಎಂಬುದು ಈಗ ಹೊಳೆಯಿತು.

"ಖರೇನ?"

"ನಳ ಕಂಡ ಕೂಡಲೆ ನಿನ್ನ ಮಾರಿ ಹ್ಯಾಂಗ ಅರಳ್ತದ ನಿನಗ ಗೊತ್ತಿಲ್ಲ," ಎಂದರು ಜಯತೀರ್ಥರು ತಲೆ ತಗ್ಗಿಸಿ. "ಬ್ಯಾಡ ಅನ್ಲಿಕ್ಕೆ ಮನಸ್ಸಾಗ್ಲಿಲ್ಲ. ಹೋಗ್ಲಿ ಬಿಡು. ನೀ ಇವರ ದೋಣಿ ಹತ್ತು. ನಾನೂ ಬರ್ತೀನಿ. ಇದು ಒಡದ್ರ ಒಡೀಲಿ. ಭಟ್ಕಳದಾಗ ನೀ ಊಂಹೂಂ ಅನ್ನಾಕಿನೇ ಇದ್ದಿ, ಇಲ್ಲೇ ಅಂದೀ ಅಂತ ತಿಳ್ಕೋತೀನಿ. ಊರಿಗೆ ಹೋಗೂಣು."

ನರ್ಮದಾಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾರವಾರದಿಂದ ಇಲ್ಲಿಯತನಕ ಬಂದ ಸಿಟ್ಟನ್ನೆಲ್ಲ ಕೂಡಿಸಿದರೂ ಇದರ ಮುಂದೆ ಕಡಿಮೆ. ಕಣ್ಣಲ್ಲಿ ನೀರು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಬಾಯಿ ಬಿಟ್ಟು ಒಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತು? ಮರತೆ, ಮರತೆ ಅಂತ ಬೈಸ್ಕೋತ ಕೂತ್ರಿ. ನಾನೂ ಬೈಕೋತ ಕೂತೆ."

ಇಲಿಯಾಸ ತನ್ನ ದೋಣಿಯನ್ನು ಪಕ್ಕಕ್ಕೆ ತಂದು ಕೈ ಚಾಚಿದ. ಒಂದು ಕಾಲು ಎತ್ತಿ ಆ ಕಡೆ ಇಟ್ಟರೆ ಎಲ್ಲ ಮುಗಿಯುತ್ತಿತ್ತು. ದೋಣಿಯೂ ಇಲ್ಲ, ಕುಮಟಾವೂ ಇಲ್ಲ. ಮೊದಲ ದಿನದಿಂದ ಆಕೆ ಕೇಳಿಕೊಂಡದ್ದು ಅದನ್ನೇ.

ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಇಳಿದಳು. ಮೊದಲ ಕ್ಯಾನನ್ನು ದರದರ ಎಳೆದು ತಂದು ಅಂಚಿಗೆ ಒರಗಿಸಿ ಮುಚ್ಚಳ ತೆಗೆದಳು. ಬಗ್ಗಿಸಲು ಕೈ ಬರಲಿಲ್ಲ. ಅಕ್ಕಿ ತೊಳೆದ ನೀರನ್ನು ತುಳಸಿಗೆ ಹಾಕಿದ ಕೈ, ಬಟ್ಟೆ ಹಿಂಡಿದ ನೀರನ್ನು ಅಂಗಳಕ್ಕೆ ಹೊಡೆದ ಕೈ. ಕುಡಿಯುವ ನೀರನ್ನು ಸುಮ್ಮನೆ ಚೆಲ್ಲಿದ್ದು ಅದಕ್ಕೆ ನೆನಪೇ ಇರಲಿಲ್ಲ.

"ಬ್ಯಾಡ ನರ್ಮದಾ," ಎಂದರು ಜಯತೀರ್ಥರು.

"ನೀವು ಸುಮ್ಮನಿರ್ರಿ," ಎಂದು ಕಣ್ಣು ಮುಚ್ಚಿ ಬಗ್ಗಿಸಿದಳು. ಸಿಹಿನೀರು ಗುಳುಗುಳು ಎಂದು ಉಪ್ಪುನೀರಿಗೆ ಬಿತ್ತು.  "ನೋಡ್ಕೋತ ನಿಂತೀರಲ್ಲ, ಮುಂದಿನದು ಕೊಡ್ರಿ."

ಜಯತೀರ್ಥರು ಒಳಗಿನಿಂದ ಎತ್ತಿ ಕೊಟ್ಟರು, ಆಕೆ ಚೆಲ್ಲಿದಳು. ಪ್ರತಿ ಕ್ಯಾನಿಗೂ ಒಂದು ಬೈಗುಳವಿತ್ತು. ಇದು ಕಾರವಾರದ ನೀರು, ಎಷ್ಟು ತಂಪಿತ್ತು. ಇದು ಬೇಲೆಕೇರಿಯದು, ಇದಕ್ಕೆ ಪುಸ್ತಕ ಹೋದವು. ಇದು ತದಡಿಯದು, ಇದಕ್ಕೆ ಲಂಗರು ಹೋಯಿತು, ಇಂಥ ಗಂಡ ಯಾರಿಗೂ ಬೇಡ. ಕೊಡ ಹೋಯಿತು, ಬಾಟಲಿಗಳು ಹೋದವು, ಕುಕ್ಕರಿನ ನೀರೂ ಹೋಯಿತು. ಇಲಿಯಾಸ ಹಗ್ಗ ಎಸೆದು ತನ್ನ ದೋಣಿಗೆ ಬಿಗಿದುಕೊಂಡು ಮೆಲ್ಲಗೆ ಎಳೆಯತೊಡಗಿದ. ಅಡಿಯ ಮರಳು ಮತ್ತೊಮ್ಮೆ ಗರ್ರ್ ಎಂದಿತು. ಆಮೇಲೆ ಸದ್ದು ನಿಂತು, ಮಲಪ್ರಭಾ ಎದ್ದು ತೇಲಿತು.

ಆಳಕ್ಕೆ ಬಂದ ಮೇಲೆ ಇಲಿಯಾಸ ಹಗ್ಗ ಬಿಚ್ಚಿಕೊಂಡು ಹೋದ. ದೋಣಿಯ ಪಕ್ಕೆಯಲ್ಲಿ ಕೆಂಪು ಪಟ್ಟಿ ಅಷ್ಟಗಲ ಕಾಣುತ್ತಿತ್ತು. ಉಳಿದದ್ದು ಒಂದು ತಂಬಿಗೆ ನೀರು. ನರ್ಮದಾ ಅದನ್ನು ಎತ್ತಿ ಗಂಡನ ಮುಂದೆ ಹಿಡಿದಳು. ಅವರು ಅರ್ಧ ಕುಡಿದು ಅರ್ಧ ಉಳಿಸಿ ಕೊಟ್ಟರು.

"ತದಡಿಗೆ ನಡೀರಿ," ಎಂದಳು ಆಕೆ.

"ತದಡಿ ಹಿಂದಾತು. ಭಟ್ಕಳ ಈ ಕಡೆ ಅದ."

"ನನಗ ಗೊತ್ತದ. ಲಂಗರ ತೊಗೋಬೇಕು. ಮತ್ತ ಹಾದ್ಯಾಗ ಕುಮಟಾ ಬರ್ತದಲ್ಲ? ಅಲ್ಲೆ ನಳ ದಿನಾ ಬರ್ತದೇನು ಕೇಳೂಣು."

ಜಯತೀರ್ಥರು ಚುಕ್ಕಾಣಿ ತಿರುವಿದರು. ಹಗುರಾದ ದೋಣಿ ಬಡಗಣಕ್ಕೆ ಹೊರಳಿತು. ನರ್ಮದಾ ಖಾಲಿ ಕ್ಯಾನುಗಳಿಗೆ ಮುಚ್ಚಳ ಹಾಕುತ್ತ ಕೂತಳು. ಹಿಂದಿನಿಂದ ಗುನುಗು ಶುರುವಾಯಿತು, ಹೊರಗೆ ಬರಲು ಹೆದರಿದ ಹಾಗೆ ಹಲ್ಲಿನ ನಡುವೆ ಸಣ್ಣಗೆ. ಆಕೆ ಸ್ವಲ್ಪ ಹೊತ್ತು ಸಹಿಸಿಕೊಂಡಳು.

"ಹಾಡೋದಿದ್ರ ಬಾಯಿ ಬಿಟ್ಟು ಹಾಡ್ರಿ," ಎಂದಳು.